ತಾಯಿ ಸತ್ತ ಒಂಬತ್ತು ಇಲಿಮರಿಗಳು: ಹಾಲೂಡುತ್ತಿರುವ ನಮ್ಮ ಇಲಿಗೆ ಒಪ್ಪಿಸಬಹುದೇ?

ಪ್ರಶ್ನೆ (ಮೈಸೂರಿನಿಂದ, ರಾತ್ರಿ 8.40)

ಎಲ್ಲರಿಗೂ ನಮಸ್ಕಾರ. ವಿಷಯ ತುರ್ತಿನದು, ಆದ್ದರಿಂದ ನೇರವಾಗಿ ಹೇಳಿಬಿಡುತ್ತೇನೆ.

ನಮ್ಮ ಮನೆಯಲ್ಲಿ ಎರಡು ವರ್ಷಗಳಿಂದ ಬಿಳಿ ಇಲಿಗಳಿವೆ. ಅವುಗಳಲ್ಲಿ ಮಲ್ಲಿಗೆ ಎಂಬ ಆರು ತಿಂಗಳ ಹೆಣ್ಣು ಐದು ದಿನಗಳ ಹಿಂದೆ ಏಳು ಮರಿ ಹಾಕಿದೆ. ತಾಯಿಯೂ ಮರಿಗಳೂ ಚೆನ್ನಾಗಿವೆ. ಮಂಡ್ಯದಲ್ಲಿರುವ ನನ್ನ ಗೆಳತಿಯ ಇಲಿ, ತಲೆಯೂ ಬೆನ್ನಿನ ಪಟ್ಟೆಯೂ ಕಪ್ಪಾಗಿ ಉಳಿದ ಮೈ ಬೆಳ್ಳಗಿರುವ ಬಗೆಯದು, ಮೊನ್ನೆ ಒಂಬತ್ತು ಮರಿ ಹಾಕಿ ಇಂದು ಮಧ್ಯಾಹ್ನ ತೀರಿಕೊಂಡಿತು. ಕೊನೆಯ ಮರಿಯೊಂದು ಹೊಟ್ಟೆಯಲ್ಲೇ ಉಳಿದಿದ್ದಿರಬಹುದೆಂದು ಅಲ್ಲಿಯ ವೈದ್ಯರು ಹೇಳಿದರಂತೆ. ಗೆಳತಿ ಬೂಟಿನ ಡಬ್ಬಿಯಲ್ಲಿ ಹಳೆಯ ಪಂಚೆಯ ತುಂಡು ಹಾಸಿ, ಮರಿಗಳನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಈಗಷ್ಟೇ ನಮ್ಮ ಮನೆಗೆ ಬಂದಿದ್ದಾಳೆ.

ಮರಿಗಳು ಬೆಳಿಗ್ಗೆಯವರೆಗೆ ತಾಯಿಯ ಹಾಲು ಕುಡಿದಿವೆ. ಆಮೇಲೆ ಗೆಳತಿ ನೀರು ಬೆರೆಸಿದ ಹಸುವಿನ ಹಾಲನ್ನು ಇಂಕ್ ಫಿಲ್ಲರಿನಿಂದ ಎರಡು ಸಲ ಹಾಕಿದ್ದಾಳೆ. ಒಂದು ಮರಿಯ ಮೂಗಿನಿಂದ ಹಾಲಿನ ಗುಳ್ಳೆ ಬಂತೆಂದು ಹೇಳಿ ಅಳುತ್ತಿದ್ದಾಳೆ. ಮುಟ್ಟಿ ನೋಡಿದರೆ ಎಲ್ಲವೂ ತಣ್ಣಗಿವೆ, ಹೆಚ್ಚು ಅಲುಗಾಡುತ್ತಿಲ್ಲ, ಸದ್ದಂತೂ ಇಲ್ಲವೇ ಇಲ್ಲ.

ಇವುಗಳನ್ನು ಮಲ್ಲಿಗೆಯ ಗೂಡಿಗೆ ಬಿಟ್ಟರೆ ಅದು ಒಪ್ಪುತ್ತದೆಯೇ, ಇಲ್ಲವೇ ಕಚ್ಚಿ ಕೊಂದುಬಿಡುತ್ತದೆಯೇ ಎಂಬುದು ನನ್ನ ಮೊದಲ ಭಯ. ಇಲಿಗೆ ಇರುವುದು ಹನ್ನೆರಡೇ ಮೊಲೆತೊಟ್ಟು, ಮರಿಗಳು ಒಟ್ಟು ಹದಿನಾರಾಗುತ್ತವೆ ಎಂಬುದು ಎರಡನೆಯದು. ಬೇರೆ ಮನೆಯ ಮರಿಗಳಾದ್ದರಿಂದ ಮಲ್ಲಿಗೆಯ ಹೊಟ್ಟೆಯನ್ನೂ ಮರಿಗಳನ್ನೂ ಡೆಟಾಲ್ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ವಾಸನೆ ಹೋದ ಮೇಲೆ ಬಿಡುವುದು ಒಳ್ಳೆಯದೆಂದು ನಮ್ಮ ಅತ್ತೆಯವರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ? ತಿಳಿದವರು ದಯವಿಟ್ಟು ಬೇಗ ತಿಳಿಸಿ.

ಉತ್ತರ 1 (ಬೆಂಗಳೂರಿನಿಂದ, ರಾತ್ರಿ 9.05)

ನಾನು ಸಂಶೋಧನಾ ಸಂಸ್ಥೆಯೊಂದರ ಪ್ರಾಣಿಗೃಹದಲ್ಲಿ ಇಪ್ಪತ್ತಾರು ವರ್ಷ ಇಲಿಗಳನ್ನು ನೋಡಿಕೊಂಡು ನಿವೃತ್ತನಾದವನು. ಒಂದು ತಾಯಿಯ ಮರಿಗಳನ್ನು ಇನ್ನೊಂದು ತಾಯಿಯ ಮಡಿಲಿಗೆ ಹಾಕುವುದು ಅಲ್ಲಿ ನಮಗೆ ನಿತ್ಯದ ಕೆಲಸವಾಗಿತ್ತು. ಮೊದಲಿಗೆ ಧೈರ್ಯ ತಂದುಕೊಳ್ಳಿ, ಮಲ್ಲಿಗೆ ಒಪ್ಪುವ ಸಾಧ್ಯತೆಯೇ ಹೆಚ್ಚು. ಡೆಟಾಲ್ ಮಾತ್ರ ಖಂಡಿತ ಬೇಡ.

ಈಗಿಂದೀಗಲೇ ಮಾಡಬೇಕಾದ ಕೆಲಸ ಮರಿಗಳನ್ನು ಬೆಚ್ಚಗೆ ಮಾಡುವುದು. ಎರಡು ದಿನದ ಇಲಿಮರಿಗೆ ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯಿರುವುದಿಲ್ಲ. ಗೂಡಿನ ಬಿಸಿ, ಒಡಹುಟ್ಟಿದವುಗಳ ಬಿಸಿ, ತಾಯಿಯ ಹೊಟ್ಟೆಯ ಬಿಸಿ, ಈ ಮೂರನ್ನು ನಂಬಿಯೇ ಅದು ಬದುಕಿರುತ್ತದೆ. ಮೈ ತಣ್ಣಗಾದ ಮರಿಯ ಹೊಟ್ಟೆಯೂ ಕೆಲಸ ನಿಲ್ಲಿಸುವುದರಿಂದ, ಆ ಸ್ಥಿತಿಯಲ್ಲಿ ಹಾಲು ಹಾಕಿದರೆ ಅದು ಅರಗದೆ ಅಲ್ಲಿಯೇ ಕೆಡುತ್ತದೆ. ರಬ್ಬರಿನ ಬಿಸಿನೀರಿನ ಚೀಲಕ್ಕೆ ಕೈಗೆ ಹಿತವಾಗುವಷ್ಟು ಬಿಸಿಯ ನೀರು ತುಂಬಿ, ಎರಡು ಸುತ್ತು ಬಟ್ಟೆ ಸುತ್ತಿ, ಡಬ್ಬಿಯ ಅರ್ಧ ಭಾಗದ ಕೆಳಗೆ ಮಾತ್ರ ಇಡಿ. ಬಿಸಿ ಹೆಚ್ಚಾದರೆ ಮರಿಗಳು ಇನ್ನೊಂದು ಬದಿಗೆ ತೆವಳಲು ಜಾಗವಿರಬೇಕು. ಅರ್ಧ ಗಂಟೆಯಲ್ಲಿ ಅವು ಮತ್ತೆ ಗುಲಾಬಿ ಬಣ್ಣಕ್ಕೆ ತಿರುಗಿ ಹೊರಳಾಡತೊಡಗುತ್ತವೆ. ನಿಮ್ಮ ಬೆರಳ ತುದಿಗಿಂತ ತಣ್ಣಗಿರುವ ಮರಿಯನ್ನು ಗೂಡಿಗೆ ಬಿಡಬೇಡಿ. ಸದ್ದಿಲ್ಲವೆಂದು ಹೆದರಬೇಕಾಗಿಲ್ಲ, ಮರಿಗಳು ತಾಯಿಯನ್ನು ಕರೆಯುವ ದನಿ ಸುಮಾರು 40 ಕಿಲೋಹರ್ಟ್ಸ್‌ನದು, ನಮ್ಮ ಕಿವಿ 20ರ ಆಚೆಗೆ ಕೇಳಿಸಿಕೊಳ್ಳಲಾರದು. ನಿಮಗೆ ನಿಶ್ಶಬ್ದವಾಗಿ ತೋರುವ ಡಬ್ಬಿ ಮಲ್ಲಿಗೆಗೆ ನಿಶ್ಶಬ್ದವಾಗಿರಬೇಕೆಂದಿಲ್ಲ.

ಇನ್ನು ಒರೆಸುವ ಮಾತು. ಕಣ್ಣು ಮುಚ್ಚಿರುವ, ಕಿವಿ ತೆರೆಯದ ಮರಿ ಮೊಲೆತೊಟ್ಟನ್ನು ಹುಡುಕುವುದು ವಾಸನೆಯಿಂದ. 1976ರಲ್ಲಿ ಟೈಷರ್ ಮತ್ತು ಬ್ಲಾಸ್ ಎಂಬ ಇಬ್ಬರು ವಿಜ್ಞಾನಿಗಳು ತಾಯಿ ಇಲಿಯ ಮೊಲೆತೊಟ್ಟುಗಳನ್ನು ತೊಳೆದು ನೋಡಿದಾಗ, ಹಸಿದ ಮರಿಗಳು ಎದುರಿಗೇ ಇದ್ದ ತೊಟ್ಟನ್ನು ಬಾಯಿಗೆ ತೆಗೆದುಕೊಳ್ಳಲಿಲ್ಲ. ಮರಿಗಳ ಜೊಲ್ಲನ್ನು ಅದಕ್ಕೆ ಸವರಿದ ಮೇಲೆ ಮತ್ತೆ ಕಚ್ಚಿಕೊಂಡವು. ಐದು ದಿನಗಳಿಂದ ಏಳು ಮರಿಗಳು ಚೀಪಿ ಚೀಪಿ ಮಲ್ಲಿಗೆಯ ತೊಟ್ಟುಗಳ ಮೇಲೆ ಆ ದಾರಿಗುರುತನ್ನು ಇಟ್ಟಿವೆ. ಅದನ್ನು ಡೆಟಾಲ್ ಹಾಕಿ ಅಳಿಸಿದರೆ ಹೊಸ ಮರಿಗಳಿಗೂ ಕಷ್ಟ, ಮಲ್ಲಿಗೆಯ ಸ್ವಂತ ಮರಿಗಳಿಗೂ ಕಷ್ಟ. ಅತ್ತೆಯವರ ಕಾಳಜಿ ದೊಡ್ಡದು. ಇಲ್ಲಿ ಮಾತ್ರ ಅದು ಒಗ್ಗುವುದಿಲ್ಲವೆಂದು ಅವರಿಗೆ ನನ್ನ ಹೆಸರಿನಲ್ಲಿ ವಿನಂತಿಸಿ.

ಮರಿಗಳು ಬೆಚ್ಚಗಾದ ಮೇಲೆ ಹೀಗೆ ಮಾಡಿ. ಮಲ್ಲಿಗೆಗೆ ಇಷ್ಟದ ತಿನಿಸು ತೋರಿಸಿ, ಗೂಡಿನಿಂದ ಹೊರಗೆ, ಸಾಧ್ಯವಾದರೆ ಬೇರೆ ಕೋಣೆಗೆ ಕರೆದೊಯ್ಯಿರಿ. ವಾಸನೆಯಿಲ್ಲದ ಸಾಬೂನಿನಿಂದ ಕೈ ತೊಳೆದು, ಅದರ ಗೂಡಿನ ಹಾಸಿನಲ್ಲಿಯೇ ಅಂಗೈಗಳನ್ನು ಉಜ್ಜಿಕೊಳ್ಳಿ. ಮಂಡ್ಯದಿಂದ ಬಂದ ಬಟ್ಟೆಯ ಚೂರೊಂದೂ ಗೂಡಿಗೆ ಹೋಗಬಾರದು. ಮಲ್ಲಿಗೆಯ ಉಚ್ಚೆ ತಾಗಿ ಸ್ವಲ್ಪ ತೇವವಾಗಿರುವ ಹಾಸನ್ನು ಹೊಸ ಮರಿಗಳ ಮೈಗೆ ಮೆಲ್ಲಗೆ ಸವರಿ, ಅದರ ಸ್ವಂತ ಮರಿಗಳ ನಡುವೆ ಇವುಗಳನ್ನು ಬೆರೆಸಿ, ಎಲ್ಲವನ್ನೂ ಒಂದೇ ಗುಡ್ಡೆಯಾಗಿ ಮುಚ್ಚಿಡಿ. ಹದಿನೈದು ಇಪ್ಪತ್ತು ನಿಮಿಷ ಹಾಗೆಯೇ ಬಿಟ್ಟರೆ ಬಿಸಿಯೂ ವಾಸನೆಯೂ ಒಂದರಿಂದ ಒಂದಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಮಲ್ಲಿಗೆಯನ್ನು ಬಿಟ್ಟು, ದೀಪ ತಗ್ಗಿಸಿ, ದೂರದಿಂದ ನೋಡಿ. ಅದು ಮರಿಗಳನ್ನು ಮೂಸಿ, ನೆಕ್ಕಿ, ಕೆಲವನ್ನು ಬಾಯಲ್ಲಿ ಕಚ್ಚಿ ಎತ್ತಿ ಅತ್ತಿತ್ತ ಇಟ್ಟೀತು. ಆ ಎತ್ತುವಿಕೆಯನ್ನು ಕಂಡು ಹೊಸಬರು ಕಿರುಚಿ ಕೈ ಹಾಕಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಕಚ್ಚುವ ತಾಯಿಯಾದರೆ ಮರಿಯ ಮೈಯಲ್ಲಿ ಗಾಯ ಕಾಣುತ್ತದೆ, ಒಲ್ಲದ ತಾಯಿಯಾದರೆ ಗೂಡನ್ನು ಬಿಟ್ಟು ಮೂಲೆಯಲ್ಲಿ ಮಲಗುತ್ತದೆ.

ಒಪ್ಪುತ್ತದೆಂದು ನಾನು ಇಷ್ಟು ನೆಚ್ಚಿಕೆಯಿಂದ ಹೇಳಲು ಕಾರಣವಿದೆ. ಮರಿಯನ್ನೇ ಹಾಕದ ಹೆಣ್ಣಿಲಿಯ ಪಂಜರದಲ್ಲಿ ದಿನವೂ ಎಳೆಮರಿಗಳನ್ನು ಇಡುತ್ತ ಹೋದರೆ, ಸುಮಾರು ಒಂದು ವಾರದೊಳಗೆ ಅದೂ ಅವುಗಳನ್ನು ಎತ್ತಿ ತಂದು ನೆಕ್ಕಿ, ಹಾಲಿಲ್ಲದಿದ್ದರೂ ಹಾಲೂಡುವಂತೆ ಬೆನ್ನು ಬಾಗಿಸಿ ನಿಲ್ಲುತ್ತದೆಂದು ಜೇ ರೋಸೆನ್‌ಬ್ಲಾಟ್ 1967ರಲ್ಲಿ ತೋರಿಸಿದರು. ಅಂಥ ಪ್ರಾಣಿ ಇದು. ಹೆರಿಗೆಯಾಗಿ ಐದು ದಿನವಾಗಿರುವ, ಮೈಯಲ್ಲಿ ಹಾಲು ತುಂಬಿರುವ ಮಲ್ಲಿಗೆ ಅದಕ್ಕಿಂತ ಎಷ್ಟೋ ಮುಂದಿದೆ.

ಹದಿನಾರು ಮರಿಗಳ ಲೆಕ್ಕವೇ ನಿಜವಾದ ತೊಡಕು. ನಮ್ಮಲ್ಲಿ ಒಂದು ತಾಯಿಗೆ ಎಂಟರಿಂದ ಹತ್ತು ಮರಿಗಳಿಗಿಂತ ಹೆಚ್ಚು ಬಿಡುತ್ತಿರಲಿಲ್ಲ. ಹನ್ನೆರಡು ತೊಟ್ಟುಗಳಿಗೆ ಹದಿನಾರು ಬಾಯಿಗಳಾದಾಗ ಯಾವ ಮರಿ ಹೊರಗುಳಿಯುತ್ತದೆ ಎಂಬುದು ಮೊದಲೇ ತೀರ್ಮಾನವಾದಂತೆ: ಐದು ದಿನದ ಮರಿ ಎರಡು ದಿನದ್ದಕ್ಕಿಂತ ಒಂದೂವರೆಯಷ್ಟು ತೂಗುತ್ತದೆ, ಅದೇ ಮೊದಲು ನುಗ್ಗುತ್ತದೆ. ಆದ್ದರಿಂದ ಮಲ್ಲಿಗೆಯ ಸ್ವಂತ ಮರಿಗಳಲ್ಲಿ ದಪ್ಪನಾದ ನಾಲ್ಕನ್ನು ಸರದಿಯಂತೆ ಎರಡು ಮೂರು ಗಂಟೆ ಬೆಚ್ಚನೆಯ ಡಬ್ಬಿಯಲ್ಲಿ ಹೊರಗಿಡಿ. ಹೊರಗಿಡುವಾಗ ತುಂಬಿದ ಹೊಟ್ಟೆಯ ಮರಿಯನ್ನೇ ಆರಿಸಿ. ಈ ವಯಸ್ಸಿನಲ್ಲಿ ಚರ್ಮ ಎಷ್ಟು ತೆಳುವೆಂದರೆ, ಕುಡಿದ ಹಾಲು ಹೊಟ್ಟೆಯ ಎಡಬದಿಯಲ್ಲಿ ಬಿಳಿಯ ಮಚ್ಚೆಯಾಗಿ ಹೊರಗೇ ಕಾಣುತ್ತದೆ. ಆ ಮಚ್ಚೆಗಿಂತ ನಂಬಬಹುದಾದ ಸಾಕ್ಷಿ ಬೇರೊಂದಿಲ್ಲ.

ಯಾವ ಮರಿ ಯಾರದೆಂದು ಗುರುತಿಸಲು ಬಣ್ಣ ಹಚ್ಚಬೇಡಿ. ಗೆಳತಿಯ ಮರಿಗಳ ಮುಚ್ಚಿದ ರೆಪ್ಪೆಯಡಿ ಕಣ್ಣು ಕಪ್ಪು ಚುಕ್ಕೆಯಂತೆ ಕಾಣುತ್ತದೆ, ಮಲ್ಲಿಗೆಯ ಮರಿಗಳಲ್ಲಿ ಕಾಣುವುದಿಲ್ಲ. ಅಷ್ಟು ಸಾಕು.

ಪ್ರಶ್ನೆ ಕೇಳಿದವರು (ರಾತ್ರಿ 11.20)

ಸರ್, ನಿಮಗೆ ಹೇಗೆ ಧನ್ಯವಾದ ಹೇಳಬೇಕೋ ತಿಳಿಯದು. ತಾವು ಹೇಳಿದಂತೆಯೇ ಮಾಡಿದೆವು. ಬಿಸಿನೀರಿನ ಚೀಲದ ಮೇಲೆ ಇಟ್ಟು ನಲವತ್ತು ನಿಮಿಷವಾಗುವಷ್ಟರಲ್ಲಿ ಎಂಟು ಮರಿಗಳು ಹೊರಳಾಡತೊಡಗಿದವು. ಮೂಗಿನಲ್ಲಿ ಗುಳ್ಳೆ ಬಂದಿದ್ದ ಮರಿ ಮಾತ್ರ ಬಾಯಿ ತೆರೆದು ಉಸಿರಾಡುತ್ತಿದೆ. ಮಲ್ಲಿಗೆ ಒಳಗೆ ಬಂದು ಒಮ್ಮೆ ಗುಡ್ಡೆಯ ಸುತ್ತ ತಿರುಗಿ, ಒಂದು ಹೊಸ ಮರಿಯನ್ನು ಎತ್ತಿ ಹೊರಗಿಟ್ಟಾಗ ನನ್ನ ಎದೆ ನಿಂತಂತಾಯಿತು. ಮರುಕ್ಷಣವೇ ಅದನ್ನು ಮುಂಗೈಗಳ ನಡುವೆ ಹಿಡಿದು ಮಗುಚಿ, ಬಾಲದ ಬುಡದಲ್ಲಿ ನೆಕ್ಕಿ, ಮತ್ತೆ ಒಳಗೆ ತಂದಿಟ್ಟಿತು. ಹೀಗೆ ಒಂದೊಂದನ್ನೂ ಮಾಡಿತು. ಈಗ ಎಲ್ಲವನ್ನೂ ಹೊಟ್ಟೆಯಡಿ ಹಾಕಿಕೊಂಡು ಮಲಗಿದೆ. ರಾತ್ರಿಯೆಲ್ಲ ಎದ್ದು ಎದ್ದು ನೋಡಬೇಕೇ?

ಉತ್ತರ 1 ಬರೆದವರು (ರಾತ್ರಿ 11.35)

ಬಾಲದ ಬುಡದಲ್ಲಿ ನೆಕ್ಕಿತೆಂದರೆ ಒಪ್ಪಿಕೊಂಡಿತೆಂದೇ ಅರ್ಥ. ಆ ನೆಕ್ಕುವಿಕೆಯಿಲ್ಲದೆ ಈ ವಯಸ್ಸಿನ ಮರಿಗಳು ಉಚ್ಚೆ ಹೊಯ್ಯಲಾರವು.

ಎದ್ದು ಎದ್ದು ನೋಡಬೇಡಿ. ಇಲಿಯ ಹಾಲು ಹಸುವಿನಂತೆ ಎಳೆದಾಗಲೆಲ್ಲ ಇಳಿಯುವುದಿಲ್ಲ. ಮರಿಗಳು ತೊಟ್ಟು ಕಚ್ಚಿಕೊಂಡಿರುವಾಗ ತಾಯಿ ನಿದ್ರೆಗೆ ಜಾರುತ್ತದೆ. ಆ ನಿದ್ರೆಯಲ್ಲಿ ಸುಮಾರು ಐದರಿಂದ ಹತ್ತು ನಿಮಿಷಕ್ಕೊಮ್ಮೆ ಮಾತ್ರ ಹಾಲು ಇಳಿಯುತ್ತದೆ. ಇಳಿದ ಕ್ಷಣ ಗೊತ್ತಾಗಬೇಕಾದರೆ ಮರಿಗಳನ್ನು ನೋಡಬೇಕು: ಅಷ್ಟು ಹೊತ್ತು ಸುಮ್ಮನೆ ಜೋತುಬಿದ್ದಿದ್ದ ಮರಿಗಳೆಲ್ಲ ಒಟ್ಟಿಗೇ ಕಾಲು ಚಾಚಿ ಮೈ ಸೆಟೆಸಿ, ಕೆಲವು ಗಳಿಗೆ ಹಾಗೆಯೇ ನಿಂತು, ಮತ್ತೆ ಸಡಿಲವಾಗುತ್ತವೆ. ನಾವು ಮುಚ್ಚಳ ತೆಗೆದು ತಾಯಿಯನ್ನು ಎಚ್ಚರಿಸಿದಷ್ಟೂ ಹಾಲು ತಡವಾಗುತ್ತದೆ. ಅಲ್ಲದೆ ಹದಿನಾರು ಮರಿಗಳ ಮೇಲೆ ಮಲಗಿದ ತಾಯಿಯ ಮೈ ಬೇಗ ಕಾವೇರುವುದರಿಂದ, ಆಗಾಗ್ಗೆ ಅದೇ ಎದ್ದು ಹೊರಬಂದು ತಣ್ಣಗಾಗಿ ಹೋಗುತ್ತದೆ. ಅದನ್ನು ಮರಿಗಳನ್ನು ತೊರೆದದ್ದೆಂದು ತಿಳಿಯಬೇಡಿ. ಸರದಿ ಬದಲಿಸುವುದಿದ್ದರೆ ಅದು ಹಾಗೆ ಹೊರಬಂದಾಗಲೇ ಬದಲಿಸಿ.

ಬಾಯಿ ತೆರೆದು ಉಸಿರಾಡುವ ಮರಿಯ ಶ್ವಾಸಕೋಶಕ್ಕೆ ಹಾಲು ಹೋಗಿದೆ. ಅದನ್ನೂ ತಾಯಿಯ ಬಳಿಯೇ ಬಿಡಿ. ಹೆಚ್ಚು ಭರವಸೆ ಕೊಡಲಾರೆ.

ಉತ್ತರ 2 (ಧಾರವಾಡದಿಂದ, ಮರುದಿನ ಬೆಳಿಗ್ಗೆ 6.50)

ಅಕ್ಕನವರೇ, ನಾನು ಹನ್ನೊಂದು ವರ್ಷದಿಂದ ಇಲಿ ಸಾಕಿದವನು. ಹಿರಿಯರು ಮರಿಗಳ ವಿಷಯವನ್ನು ಸಂಪೂರ್ಣವಾಗಿ ಹೇಳಿದ್ದಾರೆ, ನಾನು ಬಾಣಂತಿಯ ಬಗ್ಗೆ ಹೇಳುತ್ತೇನೆ. ಹದಿನಾರು ಮರಿಗಳಿಗೆ ಹಾಲಾಗಬೇಕಾದದ್ದೆಲ್ಲ ಮಲ್ಲಿಗೆಯ ಊಟದಿಂದಲೇ ಬರಬೇಕು. ಊಟ ಸಾಲದಿದ್ದರೆ ಅದರ ಮೈಯಿಂದ ಬರುತ್ತದೆ. ನಾಲ್ಕೇ ದಿನದಲ್ಲಿ ಬೆನ್ನೆಲುಬು ಕೈಗೆ ಸಿಗುವಷ್ಟು ಸೊರಗಿದ ತಾಯಿಯನ್ನು ನಾನು ನೋಡಿದ್ದೇನೆ, ಆಮೇಲೆ ಮರಿಗಳೂ ಉಳಿಯಲಿಲ್ಲ. ಎಂದಿನ ಕಾಳಿನ ಜೊತೆಗೆ ದಿನಕ್ಕೆರಡು ಸಲ ಬೇಯಿಸಿದ ಮೊಟ್ಟೆಯ ಚೂರು, ಮೊಳಕೆ ಬಂದ ಹೆಸರುಕಾಳು, ನೆನೆಸಿ ಹಿಂಡಿದ ಸೋಯಾ, ಉಪ್ಪು ಸಕ್ಕರೆ ಹಾಕದ ರಾಗಿ ಗಂಜಿ ಕೊಡಿರಿ. ಗಂಜಿಯನ್ನು ಗೂಡಿನ ಬಾಯಿಯ ಹತ್ತಿರವೇ ಇಡಿರಿ. ನೀರಿನ ಬಾಟಲಿ ಎರಡು ಇರಲಿ. ಒಂದರ ನಳಿಕೆಯ ಗುಂಡು ಸಿಕ್ಕಿಕೊಂಡು ಒಂದು ರಾತ್ರಿ ನೀರಿಲ್ಲದೆ ಹೋದರೂ ಬೆಳಿಗ್ಗೆ ಹಾಲು ಬತ್ತಿರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಹಿರಿಯರ ಕ್ಷಮೆ ಕೋರಿ ನನ್ನ ಅನುಭವವನ್ನು ಬೇರೆಯಾಗಿ ಹೇಳುತ್ತೇನೆ. ಪ್ರಾಣಿಗೃಹದಲ್ಲಿ ನೋಡಿಕೊಳ್ಳಲು ಜನರಿರುತ್ತಾರೆ, ಇಲಿಗಳಿಗೂ ಅವರ ಕೈಯ ಅಭ್ಯಾಸವಿರುತ್ತದೆ. ಮನೆಯಲ್ಲಿ ಎರಡು ಮೂರು ಗಂಟೆಗೊಮ್ಮೆ ಮರಿ ಬದಲಿಸುತ್ತಾ ಹೋದರೆ, ಮೊದಲ ಸಲ ಹೆತ್ತ ತಾಯಿ ಗಾಬರಿಯಾಗಿ ಮರಿಗಳನ್ನು ಹೊತ್ತುಕೊಂಡು ಮೂಲೆ ಮೂಲೆ ತಿರುಗತೊಡಗುತ್ತದೆ. ಹಗಲಿನಲ್ಲಿ ಎರಡು ಸಲ, ರಾತ್ರಿ ಮಲಗುವ ಮುನ್ನ ಒಂದು ಸಲ, ಇಷ್ಟಕ್ಕೆ ನಿಲ್ಲಿಸಿರೆಂದು ನನ್ನ ಸಲಹೆ. ಹೊರಗಿಟ್ಟ ದೊಡ್ಡ ಮರಿಗಳಿಗೆ ಆ ಹೊತ್ತಿನಲ್ಲಿ ಕೈಯಿಂದ ಹಾಲು ಕೊಡಿರಿ. ತಬ್ಬಲಿ ಮರಿಗಳಿಗೆ ಕೈಹಾಲು, ಸ್ವಂತ ಮರಿಗಳಿಗೆ ತಾಯಿಹಾಲು ಎಂದು ಎಲ್ಲರಿಗೂ ಮೊದಲು ತೋಚುತ್ತದೆ, ಮಾಡಬೇಕಾದದ್ದು ತಿರುವುಮುರುವು. ಗಟ್ಟಿಯಾಗಿರುವ ಮರಿ ಕೈಹಾಲನ್ನು ತಾಳಿಕೊಳ್ಳುತ್ತದೆ, ಎರಡು ದಿನದ ಮರಿ ತಾಳಲಾರದು.

ಆ ಹಾಲು ಹಸುವಿನದಾಗುವುದು ಬೇಡ. ಇಲಿಯ ಹಾಲಿನಲ್ಲಿ ಕೊಬ್ಬೂ ಪ್ರೋಟೀನೂ ಹಸುವಿನ ಹಾಲಿಗಿಂತ ಎರಡು ಪಟ್ಟಿಗೂ ಹೆಚ್ಚು, ಅದಕ್ಕೆ ಮತ್ತೆ ನೀರು ಬೆರೆಸಿದರೆ ಮರಿಯ ಹೊಟ್ಟೆ ತುಂಬುತ್ತದೆಯೇ ಹೊರತು ಮೈ ತುಂಬುವುದಿಲ್ಲ, ಜೊತೆಗೆ ಭೇದಿ. ಬೆಕ್ಕಿನ ಮರಿಗಳಿಗೆಂದು ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಹಾಲಿನ ಪುಡಿಯನ್ನು ತಂದು, ಮೈಬಿಸಿಯಷ್ಟು ಬೆಚ್ಚಗೆ ಕಲಸಿ, ಸಣ್ಣ ಬಣ್ಣದ ಕುಂಚದ ತುದಿಯಲ್ಲಿ ಅದ್ದಿ ತುಟಿಗೆ ತಾಗಿಸಿರಿ. ಮರಿ ತಾನಾಗಿ ನೆಕ್ಕಲಿ. ಇಂಕ್ ಫಿಲ್ಲರ್ ಒತ್ತಿದಾಗ ಹನಿ ಎಷ್ಟು ದೊಡ್ಡದಾಗಿ ಬೀಳುತ್ತದೆಂದು ನಮ್ಮ ಕೈಗೆ ತಿಳಿಯುವುದಿಲ್ಲ, ಆ ಒಂದು ಹನಿಯೇ ಮೂಗಿಗೆ ಹೋಗುತ್ತದೆ. ಮರಿಯನ್ನು ಅಂಗಾತ ಮಲಗಿಸಿ ಹಾಲು ಕೊಡುವುದಂತೂ ಬೇಡವೇ ಬೇಡ; ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲಾಗಿ ಹಿಡಿಯಿರಿ.

ಹಾಸಿಗೆ ಹಳೆಯ ಪಂಚೆ ಬಳಸಿದ್ದೀರೆಂದು ಬರೆದಿದ್ದೀರಿ. ಅಂಚಿನ ಬಿಚ್ಚಿದ ನೂಲು ಮರಿಯ ಕಾಲಿಗೆ ಸುತ್ತಿಕೊಂಡು ಪಾದ ಕಪ್ಪಾದದ್ದನ್ನು ನಾನು ಒಮ್ಮೆ ಕಂಡಿದ್ದೇನೆ. ಬಿಳಿ ಕಾಗದವನ್ನು ಸಣ್ಣಗೆ ಹರಿದು ಹಾಕಿರಿ. ಇನ್ನೊಂದು ಮಾತು: ಗಂಡಿಲಿ ಅದೇ ಪಂಜರದಲ್ಲಿದೆಯೇ? ಹೆಣ್ಣಿಲಿ ಮರಿ ಹಾಕಿದ 24 ಗಂಟೆಯೊಳಗೆ ಮತ್ತೆ ಗರ್ಭ ಧರಿಸಬಲ್ಲದು. ಹಾಗಾಗಿದ್ದರೆ ಈ ಹದಿನಾರರ ಹಾಲು ಬಿಡುವ ಹೊತ್ತಿಗೆ ಇನ್ನೊಂದು ಹೆರಿಗೆ ಎದುರಾಗುತ್ತದೆ.

ಉತ್ತರ 3 (ಸಾಗರದಿಂದ, ಅದೇ ದಿನ ಮಧ್ಯಾಹ್ನ)

ಇದನ್ನೆಲ್ಲ ಓದಿದ ಮೇಲೆ ನನ್ನದೂ ಒಂದು ಪ್ರಶ್ನೆ ಕೇಳಬಹುದೇ? ನಿನ್ನೆ ಅಟ್ಟದಲ್ಲಿ ಅಡಿಕೆ ಚೀಲಗಳನ್ನು ಸರಿಸುವಾಗ, ಕಣ್ಣು ಬಿಡದ ಐದು ಇಲಿಮರಿಗಳು ಒಣಹುಲ್ಲಿನ ಗೂಡಿನಲ್ಲಿ ಸಿಕ್ಕವು. ತಾಯಿ ಓಡಿಹೋಯಿತು. ಹೊಸನಗರದಲ್ಲಿರುವ ನಮ್ಮ ಅಣ್ಣನ ಮಗಳ ಬಳಿ ಮರಿ ಹಾಕಿದ ಬಿಳಿ ಇಲಿ ಇದೆ. ಮನೆಯವರು ಮರಿಗಳನ್ನು ಹೊರಗೆ ಬಿಸಾಡಿ ಎನ್ನುತ್ತಿದ್ದಾರೆ, ನನಗೆ ಮನಸ್ಸು ಬರುತ್ತಿಲ್ಲ. ಆ ಬಿಳಿ ಇಲಿಗೆ ಒಪ್ಪಿಸಬಹುದೇ?

ಉತ್ತರ 4 (ಉಡುಪಿಯಿಂದ, ಪಶುವೈದ್ಯರು)

ಸಾಗರದವರಿಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಈ ಎರಡು ಪ್ರಸಂಗಗಳು ಒಂದೇ ರೀತಿ ಕಂಡರೂ ಬೇರೆ ಬೇರೆ. ಮೈಸೂರಿನಲ್ಲಿರುವ ಎರಡು ಸಂಸಾರಗಳೂ ಸಾಕಿದ ಇಲಿಗಳು. ಬಣ್ಣ ಬೇರೆಯಾದರೂ ಒಂದೇ ಪ್ರಭೇದ, ರಾಟಸ್ ನಾರ್ವೆಜಿಕಸ್. ನಿಮ್ಮ ಅಟ್ಟದಲ್ಲಿ ಇರುವುದು ಬಹುಮಟ್ಟಿಗೆ ಮೈಗಿಂತ ಬಾಲ ಉದ್ದವಿರುವ ಮನೆಯಿಲಿ, ರಾಟಸ್ ರಾಟಸ್. ಬೇರೆ ಪ್ರಭೇದದ ಮರಿಗೆ ಇಲಿ ಹಾಲೂಡುವುದೇ ಇಲ್ಲವೆಂದು ನಾನು ಹೇಳುವುದಿಲ್ಲ. 1964ರಲ್ಲಿ ಡೆನೆನ್‌ಬರ್ಗ್ ಮತ್ತು ಜೊತೆಗಾರರು ಚಿಟ್ಟಿಲಿಯ ಮರಿಗಳನ್ನು ದೊಡ್ಡ ಇಲಿಯ ಮಡಿಲಲ್ಲಿ ಬೆಳೆಸಿದ ವಿವರವನ್ನು ಪ್ರಕಟಿಸಿದ್ದಾರೆ. ತಾಯಿ ಒಪ್ಪೀತೇ ಎಂಬುದಕ್ಕಿಂತ ಮರಿಗಳ ಜೊತೆಗೆ ಏನು ಬರುತ್ತದೆ ಎಂಬುದು ಇಲ್ಲಿ ಯೋಚಿಸಬೇಕಾದದ್ದು.

ಕಾಡಿನ, ಅಟ್ಟದ, ಗದ್ದೆಯ ಇಲಿಗಳ ಮೈಯಲ್ಲಿ ಚಿಗಟ, ನುಸಿ ಇರುತ್ತವೆ. ಲೆಪ್ಟೋಸ್ಪೈರಾ ಎಂಬ ಸೂಕ್ಷ್ಮಾಣು ಅವುಗಳ ಮೂತ್ರಪಿಂಡದಲ್ಲಿ ನೆಲೆಸಿ, ಇಲಿಗೆ ಏನೂ ತೊಂದರೆ ಮಾಡದೆ, ಉಚ್ಚೆಯಲ್ಲಿ ಹೊರಬರುತ್ತಿರುತ್ತದೆ. ಅದರಿಂದ ಬರುವುದೇ ನಮ್ಮ ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ ಕಾಣಿಸಿಕೊಳ್ಳುವ ಇಲಿಜ್ವರ. ಈ ಮರಿಗಳನ್ನು ಮಗಳು ದಿನವೂ ಕೈಯಲ್ಲಿ ಹಿಡಿಯುವ ಬಿಳಿ ಇಲಿಯ ಪಂಜರಕ್ಕೆ ಹಾಕಿದರೆ, ಆ ಇಲಿಗೂ ಅದರ ಮರಿಗಳಿಗೂ ಆ ಹುಡುಗಿಗೂ ಅಪಾಯವನ್ನು ನಾವೇ ತಂದುಕೊಟ್ಟಂತೆ. ಇನ್ನೂ ಒಂದು ಸಂಗತಿ: ಬಿಳಿ ಇಲಿಯ ಹಾಲು ಕುಡಿದು ಬೆಳೆದರೂ ಅವು ಸಾಕಿಲಿಗಳಾಗುವುದಿಲ್ಲ. ಮೂರು ವಾರವಾಗುತ್ತಲೇ ಕೈ ಕಂಡರೆ ಹಾರುತ್ತವೆ.

ಬಿಸಾಡಬೇಕಾಗಿಲ್ಲ. ಕೈಗವಸು ಹಾಕಿಕೊಂಡು ಗೂಡನ್ನು ಇದ್ದ ಹಾಗೆಯೇ, ಸಿಕ್ಕ ಜಾಗದಲ್ಲಿಯೇ ಮತ್ತೆ ಇಡಿ; ಚೀಲಗಳನ್ನು ಒಂದು ರಾತ್ರಿಯ ಮಟ್ಟಿಗೆ ಅಲುಗಿಸಬೇಡಿ. ಓಡಿಹೋದ ತಾಯಿ ಕತ್ತಲಾದ ಮೇಲೆ ಬಂದು ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಹೊತ್ತು ಬೇರೆಡೆಗೆ ಒಯ್ಯುವುದೇ ಸಾಮಾನ್ಯ. ಮನುಷ್ಯರ ವಾಸನೆ ತಾಗಿದರೆ ತಾಯಿ ಮುಟ್ಟುವುದಿಲ್ಲವೆಂಬ ಮಾತಿಗೆ ಹೆದರಬೇಡಿ. ಆಮೇಲೆ ಅಟ್ಟದ ಕಿಂಡಿಗಳನ್ನು ಮುಚ್ಚಿಸಿ. ಅಲ್ಲಿ ವಿಷವನ್ನೇನಾದರೂ ಇಟ್ಟಿದ್ದರೆ ಈಗಲೇ ತೆಗೆಯಿರಿ.

ಮೈಸೂರಿನವರಿಗೆ: ಮರಿಗಳ ತಾಯಿ ಸತ್ತದ್ದು ಹೆರಿಗೆಯ ತೊಂದರೆಯಿಂದಲೇ, ಅಥವಾ ಸೀನು, ಉಸಿರಿನಲ್ಲಿ ಗೊರಗೊರ, ಮೂಗಿನ ಸುತ್ತ ಕೆಂಪು ಅಂಟು ಮೊದಲೇ ಇತ್ತೇ ಎಂದು ಗೆಳತಿಯನ್ನು ವಿಚಾರಿಸಿ. ಇದ್ದಿದ್ದರೆ ಮಲ್ಲಿಗೆಯನ್ನೂ ಹತ್ತಿರದ ವೈದ್ಯರಿಗೆ ತೋರಿಸಿ, ಹಾಲೂಡುತ್ತಿರುವ ತಾಯಿಯೆಂದು ಮುಂಚಿತವಾಗಿ ತಿಳಿಸಿ. ಔಷಧಿ ಹಾಲಿನ ಮೂಲಕ ಮರಿಗಳಿಗೂ ಹೋಗುತ್ತದೆ.

ಉತ್ತರ 3 ಬರೆದವರು (ಎರಡು ದಿನಗಳ ನಂತರ)

ಡಾಕ್ಟರೇ, ತಾವು ಹೇಳಿದಂತೆ ಗೂಡನ್ನು ಅಲ್ಲಿಯೇ ಇಟ್ಟೆ. ಬೆಳಿಗ್ಗೆ ಬರಿಯ ಹುಲ್ಲು ಉಳಿದಿತ್ತು, ಐದೂ ಮರಿಗಳಿರಲಿಲ್ಲ, ರಕ್ತದ ಗುರುತೂ ಇರಲಿಲ್ಲ. ತಮಗೆ ಋಣಿ.

ಪ್ರಶ್ನೆ ಕೇಳಿದವರು (ಹತ್ತೊಂಬತ್ತು ದಿನಗಳ ನಂತರ)

ಎಲ್ಲರಿಗೂ ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ. ಉಸಿರಾಟದ ತೊಂದರೆಯಿದ್ದ ಮರಿ ಮೊದಲ ರಾತ್ರಿಯೇ ಹೋಯಿತು. ಬೆಳಿಗ್ಗೆ ಅದು ಗೂಡಿನ ಅಂಚಿನಲ್ಲಿ, ಉಳಿದವುಗಳಿಂದ ಒಂದು ಗೇಣು ದೂರದಲ್ಲಿತ್ತು. ನಾಲ್ಕನೆಯ ದಿನ ಇನ್ನೊಂದು, ಎಲ್ಲಕ್ಕಿಂತ ಚಿಕ್ಕದು, ಹೊಟ್ಟೆಯಲ್ಲಿ ಬಿಳಿಯ ಮಚ್ಚೆಯೇ ಕಾಣದೆ ಹೋಯಿತು. ಆ ದಿನ ನಾನು ಶಾಲೆಯ ಕೆಲಸದ ಮೇಲೆ ಹೊರಗಿದ್ದು ಮಧ್ಯಾಹ್ನದ ಸರದಿ ಬದಲಿಸಲು ಆಗಿರಲಿಲ್ಲ. ಅದನ್ನು ನೆನೆದಾಗ ಈಗಲೂ ಸಂಕಟವಾಗುತ್ತದೆ. ಉಳಿದ ಏಳು ತಬ್ಬಲಿಗಳೂ ಮಲ್ಲಿಗೆಯ ಸ್ವಂತ ಏಳೂ ಬದುಕಿವೆ.

ಸರದಿಯ ಬಗ್ಗೆ ಇಬ್ಬರು ಹೇಳಿದ್ದನ್ನೂ ಮಾಡಿ ನೋಡಿದೆವು. ಮೊದಲ ಎರಡು ದಿನ ಮೂರು ಗಂಟೆಗೊಮ್ಮೆ ಬದಲಿಸಿದಾಗ ಮಲ್ಲಿಗೆ ನಿಜವಾಗಿಯೂ ಮರಿಗಳನ್ನು ಹೊತ್ತು ತಿರುಗಿತು. ಧಾರವಾಡದವರು ಹೇಳಿದಂತೆ ದಿನಕ್ಕೆ ಮೂರು ಸಲಕ್ಕೆ ಇಳಿಸಿದ ಮೇಲೆ ಶಾಂತವಾಯಿತು. ಚಿನ್ನ ತೂಗುವಂಥ ಪುಟ್ಟ ತಕ್ಕಡಿಯೊಂದನ್ನು ತಂದು ಪ್ರತಿದಿನ ಬೆಳಿಗ್ಗೆ ತೂಗಿ ಬರೆದಿಟ್ಟಿದ್ದೇವೆ: ಬಂದ ದಿನ ಆರು ಏಳು ಗ್ರಾಂ ಇದ್ದ ಕಪ್ಪುಕಣ್ಣಿನ ಮರಿಗಳು, ಹತ್ತನೆಯ ದಿನದ ವಯಸ್ಸಿಗೆ ಹದಿನಾರರಿಂದ ಹತ್ತೊಂಬತ್ತು ಗ್ರಾಂ ಮುಟ್ಟಿದವು. ಕುಂಚದಿಂದ ಹಾಲು ಕುಡಿದ ದೊಡ್ಡ ಮರಿಗಳು ಒಂದು ವಾರದ ಮೇಲೆ ಕುಂಚವನ್ನು ಕಂಡರೆ ಅದರ ಕೂದಲನ್ನೇ ಎಳೆಯತೊಡಗಿದವು. ಗಂಡಿಲಿಯನ್ನು ಹೆರಿಗೆಗೆ ಮುಂಚೆಯೇ ಬೇರೆ ಮಾಡಿದ್ದೆವು. ಸತ್ತ ತಾಯಿಗೆ ಸೀನು ಇರಲಿಲ್ಲವೆಂದು ಗೆಳತಿ ಹೇಳಿದಳು.

ಮಲ್ಲಿಗೆಯ ಮರಿಗಳು ಹದಿನಾಲ್ಕನೆಯ ದಿನ ಕಣ್ಣು ಬಿಟ್ಟವು. ಗೆಳತಿಯವು ಅದಾಗಿ ಮೂರು ದಿನಕ್ಕೆ ಬಿಟ್ಟವು. ಆ ಮೂರು ದಿನ ನೋಡಬೇಕಿತ್ತು: ಕಣ್ಣು ಬಿಟ್ಟ ಬಿಳಿಮರಿಗಳು ಗೂಡಿನ ಹೊರಗೆ ಓಡಾಡುತ್ತಿದ್ದರೆ, ಕಪ್ಪುತಲೆಯವು ಕಣ್ಣು ಮುಚ್ಚಿಕೊಂಡೇ ಅವುಗಳ ಹಿಂದೆ ತೆವಳಿ ಬರುತ್ತಿದ್ದವು. ಮಲ್ಲಿಗೆ ಅವುಗಳನ್ನಷ್ಟೇ ಕತ್ತಿನ ಬಳಿ ಹಿಡಿದು ಒಳಗೆ ಒಯ್ಯುತ್ತಿತ್ತು. ಅತ್ತೆಯವರು ಪಂಜರದ ಮುಂದೆ ಮಣೆ ಹಾಕಿಕೊಂಡು ಕುಳಿತು ದಿನವೂ ಎಣಿಸುತ್ತಿದ್ದರು. ಮಲ್ಲಿಗೆಗೆ ಗಂಜಿ ಮಾಡುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ.

ಈಗ ಎಲ್ಲವೂ ನೆನೆಸಿದ ಅವಲಕ್ಕಿ ತಿನ್ನುತ್ತಿವೆ. ಗೆಳತಿ ಮುಂದಿನ ವಾರ ಮರಿಗಳನ್ನು ಕರೆದೊಯ್ಯಲು ಬರುತ್ತೇನೆ ಎನ್ನುತ್ತಿದ್ದಾಳೆ. ಕಳುಹಿಸಬಹುದೇ?

ಉತ್ತರ 1 ಬರೆದವರು

ಮುಂದಿನ ವಾರಕ್ಕೆ ಕಪ್ಪುತಲೆಯವಕ್ಕೆ ನಾಲ್ಕು ವಾರ ತುಂಬುತ್ತದೆ, ಕಳುಹಿಸಬಹುದು. ಗಂಡು ಹೆಣ್ಣು ಬೇರೆ ಮಾಡಿ, ಎರಡು ಡಬ್ಬಿಗಳಲ್ಲಿಯೇ ಕಳುಹಿಸಿ. ಐದನೆಯ ವಾರ ಮುಗಿಯುವ ಹೊತ್ತಿಗೆ ಅವು ತಾವೇ ಮರಿ ಹಾಕುವ ವಯಸ್ಸಿಗೆ ಬರುತ್ತವೆ. ನಿಮ್ಮಲ್ಲಿ ಉಳಿಯುವ ಬಿಳಿಯ ಗಂಡುಮರಿಗಳನ್ನೂ ಅಷ್ಟರೊಳಗೆ ಮಲ್ಲಿಗೆಯಿಂದ ಬೇರೆ ಮಾಡಿ. ಯಾವ ಮರಿಯನ್ನೂ ಒಂಟಿಯಾಗಿ ಕೊಡಬೇಡಿ, ಎರಡೆರಡಾದರೂ ಜೊತೆಗಿರಲಿ. ಮೊಟ್ಟೆ, ಗಂಜಿಯನ್ನು ಇನ್ನೂ ಎರಡು ವಾರ ನಿಲ್ಲಿಸಬೇಡಿ. ಆ ತೂಕದ ಪಟ್ಟಿಯನ್ನು ಪೂರ್ತಿಯಾಗಿ ಇಲ್ಲಿ ಹಾಕಿದರೆ ಇಂಥದೇ ರಾತ್ರಿಯಲ್ಲಿ ಬರುವ ಇನ್ನೊಬ್ಬರಿಗೆ ಅದು ಬೇಕಾಗುತ್ತದೆ.